ದೋಣಿಯ ರಸೀದಿ

ಪ್ರೊಫೆಸರ್ ಅಮೆಗಾಶಿ ಅವರಿಗೆ,
ನಾಲ್ಕನೇ ಅಧ್ಯಾಯ ತಿದ್ದಿ ಕಳಿಸಿದ್ದೇನೆ.
ವಿಳಂಬಕ್ಕೆ ಮೂವತ್ತೊಂದು ಕಾರಣ,
ಒಂದೊಂದಕ್ಕೂ ಸೂಚ್ಯಂಕ, ಮೂರು ದಶಾಂಶದವರೆಗೆ.
ಮೊದಲ ಸ್ಥಾನ: ಹೊತ್ತಿಗೆ ಸರಿಯಾಗಿ ಬಿಲ್ಲು ಪಾವತಿಯಾಗದ್ದು.
ಮಳೆಗೆ ಒಂಬತ್ತನೆಯದು.
ಹತ್ತೊಂಬತ್ತು ವರ್ಷ ಮಳೆಯ ಮೇಲೆ ಕೂರಿಸಿದ ಗೂಬೆಯನ್ನು
ಅಂಕಿಗಳು ಕೆಳಗಿಳಿಸಿವೆ.

ಒಂದು ನಮೂನೆ ಮಾತ್ರ ಹೊರಗುಳಿಯಿತು.
ಅದರ ಮಾತು ಇಲ್ಲಿ, ಹಾಳೆಯ ಹಿಂಬದಿಯಲ್ಲಿ.

ನಮ್ಮ ಪ್ರಶ್ನಾವಳಿಗೆ ಮೂರೇ ಬಾಗಿಲು:
ಮಾಲೀಕ, ಸಲಹೆಗಾರ, ಗುತ್ತಿಗೆದಾರ.
ಅಗ್ಬೆಕೊ ಯಾವುದರಲ್ಲೂ ಹಿಡಿಸಲಿಲ್ಲ.
ಅವನು ಅಂಬಿಗ.
ಸೇತುವೆ ಅಳೆಯಲು ದೋಣಿ ಬೇಕಾಯಿತು, ನಗಬೇಡಿ:
ದಡದಲ್ಲೊಂದು ಚಪ್ಪಡಿ, ನಡುಹೊಳೆಯಲ್ಲಿ ಎರಡು ಕಂಬ,
ಕಂಬದ ತಲೆಯಲ್ಲಿ ಬಾಚದ ಕೂದಲಿನಂತೆ ಕಂಬಿಗಳು,
ಇಪ್ಪತ್ತು ಮಿಲಿಮೀಟರಿನವು ತುಕ್ಕು ತಿಂದು ಹದಿನಾರಕ್ಕೆ ಬಂದಿವೆ.

ನನ್ನ ಪಟ್ಟಿಯಲ್ಲಿ ಅದರ ಹೆಸರು ಕೈಬಿಟ್ಟ ಕಾಮಗಾರಿ.
ಚಪ್ಪಡಿಯ ಮೇಲೆ ಹೆಂಗಸರು ಮರಗೆಣಸು ಹರವಿದ್ದರು.
ಎವೆ ಭಾಷೆಯಲ್ಲಿ ನಾನದನ್ನು ಓದಿ ಹೇಳಿದಾಗ
ಒಬ್ಬಾಕೆ ಕೇಳಿದಳು:
ಕೈ ಬಿಟ್ಟವರು ಯಾರು?
ನಾವು ದಿನಾ ಗುಡಿಸುತ್ತೇವಲ್ಲ.

ಅಗ್ಬೆಕೊ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಉತ್ತರಿಸಿದ.
ಒಂದು ಅಂದರೆ ತೊಂದರೆಯೇ ಇಲ್ಲ,
ಐದು ಅಂದರೆ ತೀರಾ ತೊಂದರೆ, ಎಂದೆ.
ನಿನಗೆಷ್ಟು ಬೇಕೋ ಹಾಕಿಕೊ ಮಗಳೇ, ಓದುವವಳು, ಎಂದ.
ಹಾಗಲ್ಲ, ನಿಮಗನಿಸಿದ್ದು, ಎಂದೆ.
ಆಗ ಸ್ವಲ್ಪ ಹೊತ್ತು ನೀರು ನೋಡಿದ.

ಏಳನೇ ವರ್ಷ, ಹೆಂಡತಿಗೆ ನೋವು ಬಂದ ರಾತ್ರಿ,
ಆಚೆ ದಡದ ಆಸ್ಪತ್ರೆ ದೀಪ ಕಾಣುತ್ತಿತ್ತು,
ಮಗು ಇಗೋ ಈ ಹಲಗೆಯ ಮೇಲೆ ಹುಟ್ಟಿತು.
ಅದಕ್ಕೆ ಐದು ಬರೆ.
ಸೇತುವೆ ಇಲ್ಲದ್ದಕ್ಕೇ ಮನೆಗೆ ತಗಡು ಹೊದಿಸಿದೆ,
ಹೊಸ ದೋಣಿ ಕೆತ್ತಿಸಿದೆ.
ಅದಕ್ಕೆ ಒಂದು.
ಲೆಕ್ಕ ಕಲಿತವಳು ನೀನು. ಸರಾಸರಿ ಎಷ್ಟು?

ಮೂರು.
ಮೂವತ್ತೊಂದು ಪ್ರಶ್ನೆಗೂ ಮೂರು.
ತಂತ್ರಾಂಶ ಇದನ್ನು ಅಸಡ್ಡೆಯ ಉತ್ತರವೆಂದು ಗುರುತಿಸಿ
ಕೆಂಪು ಬಣ್ಣ ಹಚ್ಚಿತು.

ಆ ಮಗುವಿಗೆ ಈಗ ಹನ್ನೆರಡು, ಹೆಸರು ದೆಲಾಲಿ.
ದೋಣಿಯ ಹಗ್ಗವನ್ನು ಕಂಬಕ್ಕೆ ಕಟ್ಟುವವಳು ಅವಳೇ.
ಕಾಂಕ್ರೀಟಿನ ಮೇಲೆ ಮೊಳೆಯಿಂದ ಗೀರಿದ ಗೆರೆಗಳಿವೆ,
ವರ್ಷಕ್ಕೊಂದು, ನೆರೆ ಎಲ್ಲಿಯವರೆಗೆ ಬಂತೆಂದು.
ಕೆಳಗಿನವು ಅಪ್ಪ ಎತ್ತಿ ಹಿಡಿದು ಬರೆಸಿದವಂತೆ, ಸೊಟ್ಟ.
ಟೆಂಡರ್ ಕಡತದ ನಾನೂರು ಪುಟ ತಿರುವಿದ್ದೇನೆ ಸರ್,
ಈ ಗೆರೆಗಳಷ್ಟು ನೀರು ಅದರಲ್ಲಿಲ್ಲ.
ಎಲ್ಲಕ್ಕಿಂತ ಮೇಲಿನ ಗೆರೆ
ನಕ್ಷೆಯ ತೊಲೆಗಿಂತ ಒಂದು ಗೇಣು ಎತ್ತರದಲ್ಲಿದೆ.
ಇದನ್ನು ಐದನೇ ಅಧ್ಯಾಯಕ್ಕೆ ಸೇರಿಸಬಹುದೇ?
ಮೂಲ ಯಾವುದೆಂದು ಬರೆಯಲಿ?

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರೆ.
ನಾನು ದಾಟಿದ್ದೂ ಅಲ್ಲ,
ಅಳೆದು, ತಿರುಗಿ, ಹತ್ತಿದ ದಡದಲ್ಲೇ ಇಳಿದೆ.
ಹನ್ನೆರಡು ಸೆಡಿ ಬಾಡಿಗೆ.
ನನ್ನ ಹತ್ತಿರ ಇದ್ದದ್ದು ಇನ್ನೂರರ ನೋಟು,
ಫೋನಿನಲ್ಲಿ ಕಳಿಸೋಣವೆಂದರೆ ಸಿಗ್ನಲ್ ಇಲ್ಲ.
ಸೇತುವೆ ಮುಗಿದ ದಿನ ಕೊಡು ಎಂದ,
ಎಂದವನೇ ಜೋರಾಗಿ ನಕ್ಕ.
ನಿನಗೆ ಕಾಗದ ಬೇಕಲ್ಲ, ತಾ,
ಎಂದು ಹೊಳೆಯ ಕೆಸರಲ್ಲಿ ಹೆಬ್ಬೆರಳದ್ದಿ
ರಸೀದಿಗೆ ಒತ್ತಿಕೊಟ್ಟ.

ಕುಮಾಸಿಯ ಲೆಕ್ಕಪತ್ರ ಕಚೇರಿ ತಕರಾರು ಮಾಡಲಿಲ್ಲ.
ನಾಲ್ಕೇ ದಿನಕ್ಕೆ ಹನ್ನೆರಡು ಸೆಡಿ ನನ್ನ ಖಾತೆಗೆ ಬಂತು.
ನಾನು ದಾಖಲಿಸಿದ ಇನ್ನೂರ ಆರು ಪಾವತಿಗಳಲ್ಲಿ
ಇಷ್ಟು ಬೇಗ ಆದದ್ದು ಇನ್ನೊಂದಿಲ್ಲ.
ರಸೀದಿ ಕಡತದಲ್ಲಿದೆ, ಹಣ ನನ್ನಲ್ಲಿದೆ,
ಕೆಲಸ ಮಾಡಿದವನು ಕಾಯುತ್ತಿದ್ದಾನೆ.

ನಿನ್ನೆ ರಾತ್ರಿ ಕರಡು ಓದುತ್ತಾ
ಪಟ್ಟಿಯ ಮೊದಲ ಸಾಲಿಗೆ ಬಂದು ನಿಂತುಬಿಟ್ಟೆ.

ಶುಕ್ರವಾರದ ಸಭೆಯನ್ನು ದಯವಿಟ್ಟು ಮುಂದೂಡಿ.
ಹೋಗಿ ಬರಲು ಎರಡು ದಿನ ಹಿಡಿಯುತ್ತದೆ.
ಚಿಲ್ಲರೆ ಮಾಡಿಸಿಟ್ಟುಕೊಂಡಿದ್ದೇನೆ.

ಇಂತಿ,
ಎನ್ಯೊನಾಮ್